ಬೆಳಗಿನ ಐದರ ಫೋನು

ಮೊದಲ ರಿಂಗು ಮುಗಿಯುವುದರೊಳಗೆ ಫೋನು ಎತ್ತುವವರನ್ನು ನಾನು ನಂಬುವುದಿಲ್ಲ. ಒಂದೋ ಅವರು ಬೇರೆ ಯಾರದೋ ಕರೆಗೆ ಕಾಯುತ್ತಿರುತ್ತಾರೆ, ಇಲ್ಲವೇ ಏನನ್ನೋ ಮುಚ್ಚಿಡುತ್ತಿರುತ್ತಾರೆ. ಇಪ್ಪತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ನಾನಾಗಿ ಕಂಡುಕೊಂಡ ಸತ್ಯ ಇದು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಭಾರತೀನಗರ ದಾಟಿದ ಮೇಲೆ ಸಿಗುವ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಮನೆ ಮಂಡ್ಯದ ಗುತ್ತಲು ಬಡಾವಣೆಯಲ್ಲಿ. ಚಳಿಗಾಲ ಬಂತೆಂದರೆ ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಗೆ ಪಾಠ ಮಾಡುವವರಿಗೆ ಇನ್ನೊಂದು ಕೆಲಸ ಸೇರಿಕೊಳ್ಳುತ್ತದೆ. ಮಕ್ಕಳನ್ನು ಹಂಚಿಕೊಂಡು ಬೆಳಗಿನ ಜಾವ ಐದಕ್ಕೆ ಒಬ್ಬೊಬ್ಬರ ಮನೆಗೂ ಫೋನು ಮಾಡಿ ಓದಲು ಎಬ್ಬಿಸಬೇಕು. ಎದ್ದವರ ಹೆಸರಿನ ಮುಂದೆ ಒಂದು ಪುಸ್ತಕದಲ್ಲಿ ರೈಟು ಹಾಕಬೇಕು. ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತದೆ ಎಂಬುದನ್ನು ನಮ್ಮ ಕಡೆ ಯಾರೂ ಪ್ರಶ್ನಿಸುವುದಿಲ್ಲ. ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದೆ ಎಂದೂ ಯಾರೂ ಕೇಳುವುದಿಲ್ಲ.

ನನ್ನ ಪಾಲಿಗೆ ಬಂದವರು ಹತ್ತು ಮಂದಿ. ಎದ್ದಿದ್ದೀನಿ ಎಂದ ಮಾತ್ರಕ್ಕೆ ರೈಟು ಹಾಕುವ ಪೈಕಿ ನಾನಲ್ಲ. ‘ಎದ್ದಿದ್ದೀನಿ ಸಾ’ ಎನ್ನುವ ದನಿಯೊಳಗೇ ಕಂಬಳಿ ಇರುತ್ತದೆ, ಕೇಳಿದರೆ ಗೊತ್ತಾಗುತ್ತದೆ. ಅದಕ್ಕೇ ಪುರಾವೆ ಕೇಳುತ್ತಿದ್ದೆ. ಪುಸ್ತಕದ ಒಂದು ಸಾಲು ಓದು ಅಂದರೆ, ದಿಂಬಿನ ಕೆಳಗಿಂದ ಪುಸ್ತಕ ಎಳೆದುಕೊಂಡು ಮಲಗಿದಲ್ಲೇ ಓದುತ್ತಿದ್ದರು. ಮುಖ ತೊಳೆಯುವ ಸದ್ದು ಕೇಳಿಸು ಎಂದೆ. ಒಬ್ಬ ಹುಡುಗನ ತಾಯಿ ಫೋನಿನ ಹತ್ತಿರ ಚೊಂಬಿನಿಂದ ಬಕೆಟ್ಟಿಗೆ ನೀರು ಸುರಿದು, “ತೊಳೀತಾವ್ನೆ ಸಾ, ಕೇಳುಸ್ತಾ?” ಎಂದಳು. ನೀರು ಸುರಿಯುವ ಸದ್ದಿನ ಹಿಂದೆ ಹುಡುಗನ ಗೊರಕೆಯೂ ಕೇಳಿಸಿತ್ತು.

ಇತ್ತ ನನ್ನ ಮನೆಯಲ್ಲಿ ಹೆಂಡತಿ ಹೊದಿಕೆ ತಲೆಯ ಮೇಲೆಳೆದುಕೊಂಡು, “ನೀವು ಹತ್ತು ಮಕ್ಕಳನ್ನ ಎಬ್ಬಿಸ್ತಿಲ್ಲ ಕಣ್ರೀ, ಗುತ್ತಲನ್ನೇ ಎಬ್ಬಿಸ್ತಿದ್ದೀರ,” ಎನ್ನುತ್ತಿದ್ದಳು.

ಈ ಹತ್ತರಲ್ಲಿ ಒಬ್ಬಳು ಹುಡುಗಿ ಮಾತ್ರ ಮೊದಲ ರಿಂಗಿಗೇ ಫೋನು ಎತ್ತುತ್ತಿದ್ದಳು. ರಿಂಗು ಪೂರ್ತಿಯಾಗಲೂ ಬಿಡುತ್ತಿರಲಿಲ್ಲ. ದನಿಯಲ್ಲಿ ನಿದ್ದೆಯ ಸುಳಿವೇ ಇಲ್ಲ. ಆದರೆ ಪಿಸುಮಾತು. “ಎದ್ದಿದ್ದೀನಿ ಸಾರ್. ಓದ್ತಿದ್ದೀನಿ ಸಾರ್. ಇಡ್ಲಾ ಸಾರ್?” ಇಷ್ಟೇ. ಹದಿನಾರು ತುಂಬದ ಹುಡುಗಿ, ಬೆಳಗಿನ ಐದಕ್ಕೆ, ಪಿಸುಮಾತಿನಲ್ಲಿ ಮಾತಾಡಿ, ಬೇಗ ಬೇಗ ಫೋನು ಇಟ್ಟರೆ ನನ್ನಂಥವನು ಏನು ಅಂದುಕೊಳ್ಳಬೇಕು? ರೈಟು ಹಾಕಿದೆ. ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಪ್ರಶ್ನೆ ಗುರುತನ್ನೂ ಹಾಕಿದೆ.

ಕ್ಲಾಸಿನಲ್ಲಿ ಆಕೆ ನಿದ್ದೆ ಹೋಗುತ್ತಿದ್ದಳು. ತೂಕಡಿಕೆಯಲ್ಲ, ಕಣ್ಣು ತೆರೆದುಕೊಂಡೇ ಹೋಗುವ ನಿದ್ದೆ. ನಾನು ಬೋರ್ಡಿನ ಮೇಲೆ ಮೆದುಳಿನ ಚಿತ್ರ ಬರೆದು, ಓದಿದ್ದು ಮೆದುಳಿನಲ್ಲಿ ಗಟ್ಟಿಯಾಗಿ ಕೂರುವುದು ನಾವು ನಿದ್ದೆಯಲ್ಲಿರುವಾಗ ಎಂದು ಹೇಳುತ್ತಿದ್ದೆ. ಆಕೆಯ ದೃಷ್ಟಿ ಬೋರ್ಡನ್ನು ದಾಟಿ ಗೋಡೆಯೊಳಗೆ ಹೋಗಿರುತ್ತಿತ್ತು. ಮೊದಲು ರಕ್ತ ಕಮ್ಮಿಯಿರಬೇಕು ಎಂದುಕೊಂಡು ಶಾಲೆಯ ಕಬ್ಬಿಣದ ಮಾತ್ರೆಯನ್ನು ಎದುರಿಗೇ ನುಂಗಿಸಿದೆ. ಆಮೇಲೆ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆ ಬಂತು. ತರಗತಿಗೆ ಮೊದಲಿಗಳಾಗಿದ್ದವಳು ಮೂರನೇ ಉತ್ತರದ ಮಧ್ಯದಲ್ಲಿ ಪೆನ್ನು ಜಾರಿಸಿದ್ದಳು. ಅಕ್ಷರದ ಬಾಲ ಹಾಳೆಯುದ್ದಕ್ಕೂ ಇಳಿದು ಅಂಚಿನಲ್ಲಿ ನಿಂತಿತ್ತು. ಅದರ ಮುಂದೆ ಎರಡು ಪುಟ ಖಾಲಿ.

ನಾನು ಪತ್ತೇದಾರಿಕೆ ಶುರುಮಾಡಿದೆ. ತರಗತಿಯ ವಾಟ್ಸಾಪ್ ಗ್ರೂಪಿನಲ್ಲಿ ಆಕೆಯ ತಂದೆಯ ನಂಬರಿತ್ತು, ಮನೆಯಲ್ಲಿ ಇದ್ದದ್ದು ಅದೊಂದೇ ಫೋನು. ಬೆಳಿಗ್ಗೆ ಎದ್ದವನೇ ನೋಡಿದರೆ ಆ ನಂಬರಿನವರು ಕೊನೆಗೆ ಬಂದುಹೋದದ್ದು ಮೂರು ನಲವತ್ತಕ್ಕೆ. ಮಾರನೇ ದಿನ ಮೂರು ಹತ್ತಕ್ಕೆ. ಹೆಂಡತಿಗೆ ತೋರಿಸಿ, “ನೋಡಿದ್ಯಾ? ಈ ಹೊತ್ತಲ್ಲಿ ಫೋನು ಹಿಡ್ಕೊಂಡು ಯಾರ ಹತ್ರ ಮಾತು?” ಎಂದೆ.

“ನಾಲ್ಕೂವರೆಗೆ ಎದ್ದು ಯಾರದೋ ಮಗಳು ಎಷ್ಟು ಹೊತ್ತಿಗೆ ಎದ್ದಳು ಅಂತ ನೋಡ್ತಿರೋದು ಯಾರು?” ಎಂದಳು.

ಮರುವಾರ ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು ಸುದ್ದಿ ತಂದರು. ಅವರು ಮಳವಳ್ಳಿಯಿಂದ ಬರುವವರು. “ನಿಮ್ಮ ಹುಡ್ಗಿ ಮಳವಳ್ಳಿ ಬಸ್‌ಸ್ಟ್ಯಾಂಡಲ್ಲಿ ಕೂತಿತ್ತು ಕಣ್ರೀ, ಯೂನಿಫಾರಂ ಹಾಕ್ಕೊಂಡು. ಬಾರಮ್ಮ ನನ್ ಜೊತೆ ಅಂದ್ರೆ, ‘ಬತ್ತೀನಿ ಓಗಿ ಸಾರ್, ಮುಂದಿನ ಬಸ್ಸಿಗೆ’ ಅಂತು. ಅಳ್ತಿತ್ತು ಅನ್ಸುತ್ತೆ.”

ಆಕೆಯ ಊರು ಮದ್ದೂರಿನ ಕಡೆಗಿದೆ. ಶಾಲೆಯ ಬಳಿ ಇಳಿಯಬೇಕಾದವಳಿಗೆ ಅದನ್ನು ದಾಟಿ ಮಳವಳ್ಳಿಯಲ್ಲಿ ಏನು ಕೆಲಸ? ಪಿಸುಮಾತು, ಮೂರು ನಲವತ್ತು, ಮಳವಳ್ಳಿ, ಕಣ್ಣೀರು. ನನ್ನ ತಲೆಯಲ್ಲಿ ಎಲ್ಲವೂ ಒಂದಕ್ಕೊಂದು ಕೂಡಿಕೊಂಡು, ಕೊನೆಗೆ ಬೈಕಿನ ಮೇಲೆ ಕೂದಲು ಬಾಚಿಕೊಳ್ಳುತ್ತಾ ನಿಂತ ಒಬ್ಬ ಹುಡುಗನೂ ಹುಟ್ಟಿಕೊಂಡ. ಆ ಹುಡುಗಿಯನ್ನು ಕರೆದು ಒಂದು ಮಾತು ಕೇಳಬಹುದಿತ್ತು. ನಾನು ಕೇಳಲಿಲ್ಲ. ಸೀದಾ ಅವಳ ತಂದೆಗೆ ಫೋನು ಹಚ್ಚಿದೆ. “ಹುಡುಗಿ ಮಳವಳ್ಳಿ ಬಸ್‌ಸ್ಟ್ಯಾಂಡಲ್ಲಿ ಕೂತಿತ್ತಂತೆ. ಗಾಬರಿ ಏನೂ ಇಲ್ಲ, ಆದ್ರೂ ಸ್ವಲ್ಪ ಗಮನ ಇಟ್ಟಿರಿ,” ಎಂದೆ. ಹೆಣ್ಣುಮಕ್ಕಳ ತಂದೆಗೆ ಇಷ್ಟು ಹೇಳಿದರೆ ಗಾಬರಿಯಾಗದೆ ಇನ್ನೇನಾಗುತ್ತದೆ? ಆತ “ಆಯ್ತು ಸಾ,” ಎಂದು ಇಟ್ಟುಬಿಟ್ಟ.

ಮಾರನೇ ದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ಬೆಳಗಿನ ಫೋನನ್ನೂ ಯಾರೂ ಎತ್ತಲಿಲ್ಲ. ಮೂರು ದಿನವಾಯಿತು. ಅದೇ ಊರಿನ ಹುಡುಗಿಯರನ್ನು ಕೇಳಿದರೆ, “ಅವ್ರಪ್ಪ ಇಸ್ಕೂಲು ಬುಡಿಸ್ಬುಟ್ರಂತೆ ಸಾರ್,” ಎಂದರು. ಪರೀಕ್ಷೆಗೆ ಒಂದೂವರೆ ತಿಂಗಳಿತ್ತು. ನನ್ನ ಒಂದು ಫೋನಿಗೆ ಒಂದು ಹುಡುಗಿಯ ಓದು ನಿಂತಿತ್ತು.

ಭಾನುವಾರ ಮಧ್ಯಾಹ್ನ ಅವರ ಮನೆ ಹುಡುಕಿಕೊಂಡು ಹೋದೆ. ಒಂದು ಹಜಾರ, ಒಂದು ಕೋಣೆ, ಹಿಂದೆ ಅಡುಗೆಮನೆ. ಬಾಗಿಲು ಬಡಿಯಲು ಕೈ ಎತ್ತಿದ್ದೆ, ತಾಯಿ ಒಳಗಿಂದ ಓಡಿಬಂದು ತುಟಿಯ ಮೇಲೆ ಬೆರಳಿಟ್ಟಳು. ಹಜಾರದ ಚಾಪೆಯ ಮೇಲೆ ಹುಡುಗಿಯ ತಂದೆ ಮಲಗಿದ್ದ. ತಾಯಿ ನನ್ನನ್ನು ಜಗಲಿಯಲ್ಲೇ ಕೂರಿಸಿ, ಪಿಸುಗುಟ್ಟಿದಳು, “ಮೆತ್ತಗೆ ಮಾತಾಡಿ ಸಾ. ಗೆಜ್ಜಲಗೆರೆ ಫ್ಯಾಕ್ಟ್ರೀಲಿ ಎರಡ್ನೇ ಸಿಪ್ಟು. ಮನೆಗೆ ಬರೋದೇ ರಾತ್ರಿ ಅನ್ನೊಂದೂವರೆ. ಒಂದ್ಸಲ ಎಚ್ರ ಆಗ್ಬುಟ್ರೆ ಮತ್ತೆ ನಿದ್ದೆ ಅತ್ತದಿಲ್ಲ. ಓದ್ ವರ್ಸ ಬೈಕಲ್ಲೇ ತೂಕಡಿಸಿ ನಾಲೆ ಏರಿಯಿಂದ ಕೆಳಕ್ಕೆ ಬಿದ್ದಿದ್ರು.”

ಪಿಸುಮಾತು ಎಲ್ಲಿಂದ ಬಂತೆಂದು ಆಗ ನನಗೆ ಗೊತ್ತಾಗತೊಡಗಿತು. ನಾನೂ ಪಿಸುಗುಟ್ಟಿದೆ, “ಮತ್ತೆ ಹುಡುಗಿ ಮಳವಳ್ಳಿಗೆ…”

“ಅಯ್ಯೋ, ಬಸ್ಸಲ್ಲಿ ನಿದ್ದೆ ಓಗ್ಬುಟ್ಟವಳೆ ಸಾ! ಕಂಡಕ್ಟ್ರು ಎಬ್ಬಿಸಿದ್ರೆ ಮಳವಳ್ಳಿ. ಇನ್ನೇನು ನಿದ್ದೆ ಬರ್ದೆ? ಇವ್ರು ಬರೋಗಂಟ ಓದ್ಕಂಡು ಕೂತಿರ್ತಾಳೆ, ಬಾಗ್ಲು ತೆಗೀಬೇಕಲ್ಲ. ಮತ್ತೆ ಮೂರಕ್ಕೇ ಎದ್ದು ಕೂತ್ಕತಾಳೆ.”

“ಮೂರಕ್ಕೆ ಯಾಕೆ?”

ತಾಯಿ ನನ್ನನ್ನೇ ನೋಡಿದಳು. “ನಿಮ್ ಫೋನಿಗೆ.”

ಅಷ್ಟರಲ್ಲಿ ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಮೂರು ದಿನ ಮನೆಯಲ್ಲೇ ಇದ್ದುದಕ್ಕೋ ಏನೋ, ಮುಖ ಸ್ವಲ್ಪ ತಿಳಿಯಾಗಿತ್ತು. ನಾನು ಕೈಸನ್ನೆಯಲ್ಲಿ ಕರೆದೆ. ಅವಳು ಹೇಳಿದ್ದು ಇಷ್ಟು. ಫೋನು ರಿಂಗಾದರೆ ಅಪ್ಪನಿಗೆ ಎಚ್ಚರವಾಗುತ್ತದೆ. ಅದಕ್ಕೇ ಮೊದಮೊದಲು ಸದ್ದು ನಿಲ್ಲಿಸಿ, ನಡುಗುವ ಹಾಗೆ ಮಾಡಿ, ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು. ಒಂದು ದಿನ ಅದು ನಡುಗಿದ್ದು ಗೊತ್ತಾಗಲಿಲ್ಲ. ಅವತ್ತಿನಿಂದ ತೊಡೆಯ ಮೇಲೆ ಫೋನಿಟ್ಟುಕೊಂಡು ಕೂರತೊಡಗಿದಳು. ಕೂತಲ್ಲೇ ನಿದ್ದೆ ಬಂದೀತೆಂದು ಆಗಾಗ ಗ್ರೂಪು ತೆಗೆದು, ಮೇಷ್ಟ್ರು ಏನಾದರೂ ಹಾಕಿದ್ದಾರೆಯೇ ಎಂದು ನೋಡುತ್ತಿದ್ದಳು.

“ಒಂದು ದಿನ ಎತ್ತದಿದ್ರೆ ಏನಾಗ್ತಿತ್ತಮ್ಮ?” ಎಂದೆ.

“ನೀವು ಕ್ಲಾಸಲ್ಲಿ ಅಂದ್ರಲ್ಲ ಸಾರ್. ‘ಇವತ್ತು ಮಹಾರಾಣಿಯೋರ ನಿದ್ದೆಗೆ ಭಂಗ ತಂದೆ, ಕ್ಷಮಿಸ್ಬೇಕು’ ಅಂತ. ಎಲ್ರೂ ನಕ್ರು. ಒಂದ್ ವಾರ ಅಂಗೇ ಕರೆದ್ರು.”

ನನಗೆ ಆ ಮಾತು ಆಡಿದ ನೆನಪೇ ಇರಲಿಲ್ಲ. ಅದು ನನ್ನದೇ ಮಾತು ಎಂಬುದರಲ್ಲಿ ಮಾತ್ರ ಅನುಮಾನವಿರಲಿಲ್ಲ. ಅಂಥ ಮಾತುಗಳನ್ನು ನಾನು ದಿನಕ್ಕೆ ನಾಲ್ಕಾದರೂ ಆಡುತ್ತೇನೆ, ಮಕ್ಕಳು ನಕ್ಕರೆ ಪಾಠ ಚೆನ್ನಾಗಿ ಆಯಿತು ಎಂದುಕೊಳ್ಳುತ್ತೇನೆ.

ಆಗಲೇ ನನ್ನ ಜೇಬಿನ ಫೋನು ಊರಿಗೆಲ್ಲ ಕೇಳುವಂತೆ ಬಾರಿಸಿತು. ಹೆಂಡತಿ. ನಿಲ್ಲಿಸಲು ಪರದಾಡಿ, ಬೆರಳು ತಪ್ಪಿ, ಅದು ಸ್ಪೀಕರಿಗೆ ಹೋಗಿ, “ಊಟಕ್ಕೆ ಬರ್ತೀರೋ ಇಲ್ಲ ಅಲ್ಲೂ ತನಿಖೆ ನಡೀತಿದ್ಯೋ?” ಎಂಬ ದನಿ ಜಗಲಿಯ ತುಂಬ ಹರಡಿತು. ಚಾಪೆಯ ಮೇಲಿದ್ದವನು ಎದ್ದು ಕೂತ.

“ಮೇಷ್ಟ್ರಾ?” ಎಂದ. ಕಣ್ಣು ಕೆಂಪಾಗಿದ್ದವು. “ಇನ್ನೇನ್ ಸುದ್ದಿ ತಂದ್ರಿ?”

ಬಸ್ಸಿನಲ್ಲಿ ಬರುವಾಗ ನಾನು ತಯಾರು ಮಾಡಿಕೊಂಡಿದ್ದ ಮಾತೆಲ್ಲ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಮೇಲಿತ್ತು. ಅದು ಯಾವುದೂ ಬಾಯಿಗೆ ಬರಲಿಲ್ಲ. ಸುದ್ದಿ ತಂದಿಲ್ಲ, ತಪ್ಪು ಒಪ್ಪಿಕೊಳ್ಳಲು ಬಂದೆ ಎಂದೆ. ಐದು ಗಂಟೆಯ ಫೋನಿನಿಂದ ಹಿಡಿದು ಮಹಾರಾಣಿಯವರೆಗೆ ಎಲ್ಲ ಹೇಳಿದೆ. ಮಧ್ಯದಲ್ಲಿ ಒಂದೆರಡು ಸಲ ಇದು ಶಾಲೆಯ ಪದ್ಧತಿ, ನನ್ನೊಬ್ಬನದಲ್ಲ ಎಂದು ನುಣುಚಿಕೊಳ್ಳಲೂ ನೋಡಿದೆ. ಬೆಳೆಯುವ ಮಕ್ಕಳಿಗೆ ನಮಗಿಂತ ಹೆಚ್ಚು ನಿದ್ದೆ ಬೇಕು, ಈ ವಯಸ್ಸಿನಲ್ಲಿ ರಾತ್ರಿ ನಿದ್ದೆ ಹತ್ತುವುದೇ ತಡವಾಗಿ, ನಿದ್ದೆಗೆಟ್ಟರೆ ಮೊದಲು ಕೆಡುವುದು ನೆನಪು, ಆಮೇಲೆ ಮನಸ್ಸು ಎಂದೆ. ಇದನ್ನೆಲ್ಲ ಪಾಠ ಮಾಡುವವನೂ ನಾನೇ ಎಂದೂ ಹೇಳಿದೆ.

ಆತ ನನ್ನ ಕಡೆ ನೋಡಲೇ ಇಲ್ಲ. ಮಗಳತ್ತ ತಿರುಗಿ, “ಲೇ, ಅವತ್ತು ಬಸ್ಸಲ್ಲಿ ನಿದ್ದೆ ಬಂತು ಅಂದಾಗ ನಾನು ಸುಳ್ಳು ಅಂದೆ. ಇದನ್ಯಾಕೆ ಯೋಳ್ಲಿಲ್ಲ?” ಎಂದ.

“ಯೋಳಿದ್ರೆ ರಿಂಗ್ ಸದ್ದು ಇಟ್ಕಂಡೇ ಮನೀಕೊ ಅಂತಿದ್ದೆ. ನಿದ್ದೆಗೆಟ್ಟು ಮತ್ತೆ ಬೈಕಲ್ಲಿ ಓಗ್ಬೇಕಲ್ಲ ನೀನು.”

ಆತ ಚಾಪೆಯ ಅಂಚನ್ನು ಕೀಳುತ್ತಾ ನನಗೆ ಹೇಳಿದ, “ನಾಳಿಂದ ಕಳುಸ್ತೀನಿ ಸಾ. ಬಾಗ್ಲಿಗೆ ನಂದೇ ಒಂದು ಬೀಗದ ಕೈ ಮಾಡುಸ್ಕತೀನಿ. ಆದ್ರೆ ಒಂದು ಮಾತು. ನೀವು ಈ ಮನೆಗೆ ಫೋನು ಮಾಡಂಗಿಲ್ಲ. ಬೆಳಗ್ಗೆನೂ ಇಲ್ಲ, ಸಂದೆನೂ ಇಲ್ಲ. ಏನಿದ್ರೂ ಅವಳನ್ನೇ ಕೇಳಿ.”

ಒಪ್ಪಿದೆ. ತಾಯಿ ಕಾಫಿ ತಂದಳು. ಲೋಟ ಕೆಳಗಿಡುವಾಗ ನಾನು ಸದ್ದು ಮಾಡದೆ ಇಟ್ಟೆ. ಆತ ನಕ್ಕ. “ಇನ್ನೇನ್ ಬುಡಿ ಸಾ, ಎದ್ದೇ ಬುಟ್ನಲ್ಲ.”

ಸೋಮವಾರ ಹುಡುಗಿ ಬಂದಳು. ಅವತ್ತು ತರಗತಿಯಲ್ಲಿ, ನನ್ನ ಫೋನು ಬರುವ ಮುಂಚೆಯೇ ಎದ್ದು ಕಾಯುತ್ತಾ ಕೂರುವವರು ಇನ್ನೂ ಯಾರಾದರೂ ಇದ್ದೀರಾ ಎಂದು ಕೇಳಿದೆ. ಬಯ್ಯುವುದಿಲ್ಲ ಎಂದೆ. ನಂಬಲಿಲ್ಲ, ನಂಬುವಂತೆ ನಾನೇನೂ ನಡೆದುಕೊಂಡಿರಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು, ಆಮೇಲೆ ಕಿಟಕಿಯ ಬಳಿ ಎರಡು. ನಾನು ಜಾಣರೆಂದು ತಿಳಿದಿದ್ದವರೇ.

ಐದರ ಫೋನು ನಿಲ್ಲಿಸಿದೆ. ಪುಸ್ತಕದಲ್ಲಿ ಮಾತ್ರ ಪರೀಕ್ಷೆ ಮುಗಿಯುವ ತನಕ ಹತ್ತೂ ಹೆಸರಿನ ಮುಂದೆ ರೈಟು ಹಾಕುತ್ತಾ ಬಂದೆ, ಯಾರೂ ಕೇಳಲಿಲ್ಲ. ಬದಲಿಗೆ ಆ ಹುಡುಗಿಯ ಮನೆ ಬಿಟ್ಟು ಉಳಿದ ಒಂಬತ್ತು ಮನೆಗಳಿಗೆ ಸ್ವಲ್ಪ ದಿನ ರಾತ್ರಿ ಹತ್ತಕ್ಕೆ ಫೋನು ಮಾಡಿ, ಇನ್ನು ಮಲಗಿ ಎಂದೆ. ‘ಮಲಗಿದ್ದೀನಿ ಸಾ’ ಎಂದು ಮೊದಲ ರಿಂಗಿಗೇ ಹೇಳತೊಡಗಿದರು. ಮಲಗಿದ್ದರೆ ಫೋನು ಎತ್ತಿದ್ದು ಯಾರು ಎಂಬ ಯೋಚನೆ ಹತ್ತಿಕೊಂಡು ನನಗೇ ನಿದ್ದೆ ಬಾರದಾಯಿತು. ಅದನ್ನೂ ಬಿಟ್ಟೆ.

ಆ ಹುಡುಗಿಯ ಮುಖಕ್ಕೆ ಬಣ್ಣ ಮರಳಲು ಎರಡು ವಾರ ಹಿಡಿಯಿತು. ಮೊದಲ ಕೆಲವು ದಿನ ಮೂರಕ್ಕೇ ಎಚ್ಚರವಾಗಿ, ಫೋನು ಬರುವುದಿಲ್ಲ ಎಂದು ನೆನಪು ಮಾಡಿಕೊಂಡು ಮತ್ತೆ ಮಲಗಬೇಕಾಗುತ್ತಿತ್ತಂತೆ. ನನ್ನದು ಬೇರೆ ಕಥೆ. ಎಬ್ಬಿಸಲು ಯಾರೂ ಇಲ್ಲದಿದ್ದರೂ ನಾಲ್ಕೂವರೆಗೆ ಕಣ್ಣು ತೆರೆದುಕೊಳ್ಳುತ್ತಿತ್ತು. ಎದ್ದು, ಅವಳು ನಿಜಕ್ಕೂ ಮಲಗಿದ್ದಾಳೋ ಇಲ್ಲವೋ ಎಂದು ಚಿಂತಿಸುತ್ತಿದ್ದೆ. ತಿಳಿದುಕೊಳ್ಳಲು ಇದ್ದದ್ದು ಒಂದೇ ದಾರಿ, ಫೋನು ಮಾಡಿ ಕೇಳುವುದು.

ಪರೀಕ್ಷೆಗೆ ಹತ್ತು ದಿನವಿದ್ದಾಗ, ಒಂದು ಬೆಳಿಗ್ಗೆ ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಆಮೇಲಿನದು ನೆನಪಿಲ್ಲ. ಯಾರೋ ಭುಜದ ಹತ್ತಿರ ಸೀಟನ್ನು ತಟ್ಟುತ್ತಿದ್ದರು.

“ಸಾರ್, ಸಾರ್. ಏಳಿ. ಇಸ್ಕೂಲು ಬಂತು. ಮಳವಳ್ಳಿಗೆ ಓಯ್ತೀರಾ?”

ಅವಳೇ. ಕಣ್ಣು ನಿಚ್ಚಳವಾಗಿದ್ದವು. ಬಾಯಿ ಒರೆಸಿಕೊಂಡು, ಚೀಲ ಹುಡುಕಿಕೊಂಡು, ಅವಳ ಹಿಂದೆ ಇಳಿದೆ. ನಿದ್ದೆ ಮಾಡುತ್ತಿರಲಿಲ್ಲ, ಸುಮ್ಮನೆ ಕಣ್ಣು ಮುಚ್ಚಿದ್ದೆ ಎಂದೆ. “ಹೂಂ ಸಾರ್,” ಎಂದಳು. ಎಷ್ಟು ದೂರದಿಂದ ನನ್ನ ಗೊರಕೆ ಕೇಳುತ್ತಾ ಬಂದಳೋ ಗೊತ್ತಿಲ್ಲ. ಗೇಟಿನ ಹತ್ತಿರ ಗೆಳತಿಯರ ಗುಂಪು ಸೇರಿಕೊಂಡು ತಲೆಗೆ ತಲೆ ಕೊಟ್ಟು ಏನೋ ಹೇಳಿದಳು. ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿ ನೋಡಿದರು.