ಬಸ್ಸು ಹತ್ತಿದ ಮಿಷನರಿ

ನಮ್ಮ ಸಭೆಯಲ್ಲಿ ವಿಮಾನ ಹತ್ತುವವರಿಗೆ ಮಿಷನರಿ ಎನ್ನುತ್ತಿದ್ದರು, ಬಸ್ಸು ಹತ್ತುವವರಿಗೆ ಔಟ್‌ರೀಚ್‌ನವರು ಎನ್ನುತ್ತಿದ್ದರು. ಹೀಗೆಂದು ಎಲ್ಲೂ ಬರೆದಿಟ್ಟಿರಲಿಲ್ಲ. ಆದರೂ ಭಾನುವಾರದ ಆರಾಧನೆಗೆ ಬಂದು ಕೂತವರಿಗೆ ವ್ಯತ್ಯಾಸ ತಾನಾಗಿಯೇ ಗೊತ್ತಾಗುತ್ತಿತ್ತು. ಹೊರದೇಶದ ಸೇವೆಗೆ ಹೊರಟವರನ್ನು ವೇದಿಯ ಮುಂದೆ ಮೊಣಕಾಲೂರಿಸಿ, ಅಯ್ಯನವರೂ ಹಿರಿಯರೂ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು. ಪಾಸ್ಟರನ್ನು ನಾವು ಅಯ್ಯನವರು ಎಂದೇ ಕರೆಯುವುದು. ಆಮೇಲೆ ಇಡೀ ಸಭೆ ವ್ಯಾನು ಮಾಡಿಕೊಂಡು ಮೀನಂಬಾಕ್ಕಂ ವಿಮಾನ ನಿಲ್ದಾಣಕ್ಕೆ ಹೋಗಿ, ಗಾಜಿನ ಬಾಗಿಲ ಮುಂದೆ ನಿಂತು ಕನ್ನಡ ಕೀರ್ತನೆ ಹಾಡುತ್ತಿತ್ತು, ಕಾವಲಿನವನು ಬಂದು ಗದರುವ ತನಕ. ಊರೊಳಗಿನ ಸೇವೆಗೆ ಹೋಗುವವರ ಹೆಸರನ್ನೋ, ಆರಾಧನೆಯ ಕೊನೆಯಲ್ಲಿ, ಯಾರೋ ಬಿಟ್ಟುಹೋದ ಕೊಡೆಯ ಸುದ್ದಿಗೂ ಹಾಡುಗಾರರ ಅಭ್ಯಾಸದ ಸುದ್ದಿಗೂ ನಡುವೆ ಓದಿ ಮುಗಿಸುತ್ತಿದ್ದರು.

ನಮ್ಮದು ಚೆನ್ನೈನ ಪುರಸವಾಕ್ಕಂನಲ್ಲಿ ಕೂಡುತ್ತಿದ್ದ ಸಣ್ಣ ಕನ್ನಡ ಸಭೆ. ಸ್ವಂತ ಕಟ್ಟಡ ಇರಲಿಲ್ಲ. ತಮಿಳು ಸಭೆಯವರ ಆರಾಧನೆ ಮುಗಿದು, ಅವರು ಕೂತ ಬೆಂಚು ಇನ್ನೂ ಬೆಚ್ಚಗಿರುವಾಗಲೇ ನಾವು ಹೋಗಿ ಕೂರುತ್ತಿದ್ದೆವು. ಗದಗ-ಧಾರವಾಡದವರು, ಮಂಗಳೂರಿನವರು, ಕೋಲಾರದವರು, ಒಬ್ಬೊಬ್ಬರದು ಒಂದೊಂದು ಕನ್ನಡ. ಮಕ್ಕಳದು ಮಾತ್ರ ಒಂದೇ ಭಾಷೆ, ತಮಿಳು. ನಮ್ಮಪ್ಪ ರೈಲ್ವೆ ಕೆಲಸಕ್ಕೆಂದು ಗದಗಿನಿಂದ ಬಂದವರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ, ಅಕ್ಕ ಮತ್ತು ನಾನು ಉಳಿದೆವು.

ಅವ್ವ ಸ್ತ್ರೀಯರ ಸಂಘದ ದೊಡ್ಡ ದನಿ. ಪ್ರತಿಸಲ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ಡಬ್ಬಿಗೆ ಹಾಕುವುದು ಸಂಘದ ಪದ್ಧತಿ. ತಿಂಗಳಿಗೊಮ್ಮೆ ಅದನ್ನೆಲ್ಲ ವೇದಿಯ ಮುಂದೆ ಸುರಿದು, ಮಾರಿ, ಬಂದದ್ದನ್ನು ಹೊರದೇಶದ ಮಿಷನ್ನಿಗೆ ಕಳಿಸುತ್ತಿದ್ದರು. ಅವ್ವನ ಹಿಡಿ ನಮ್ಮ ಹಿಡಿಗಿಂತ ದೊಡ್ಡದು. ಕೊನೆಗೆ ನಮ್ಮ ಪಾಲಿನ ಅನ್ನವೇ ಕಡಿಮೆ ಬೀಳುತ್ತಿತ್ತು, ಅದರ ಬಗ್ಗೆ ನಾನು ಗೊಣಗದ ದಿನವಿಲ್ಲ. ನಮ್ಮ ಮನೆತನದ ಹಿರಿಯಜ್ಜಿಯೊಬ್ಬಳನ್ನು ಬರಗಾಲದಲ್ಲಿ ಜರ್ಮನಿಯಿಂದ ಬಂದ ಮಿಷನ್ ಅಮ್ಮನೊಬ್ಬಳು ಎತ್ತಿಕೊಂಡು ಸಾಕಿದ್ದಳಂತೆ. “ಅವ್ರು ಕಡಲ ದಾಟಿ ಬಂದ್ರು. ಈಗ ನಮ್ಮ ಪಾಳಿ” ಎನ್ನುವುದು ಅವ್ವನ ಖಾಯಂ ಮಾತು. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದೊಂದಾದರೂ ಕಡಲು ದಾಟಬೇಕೆಂಬುದು ಅವಳ ಹಟ. ನನ್ನಿಂದ ಆಗದೆಂದು ಅವಳಿಗೆ ಬೇಗನೆ ತಿಳಿಯಿತು. ನಾನು ಬಾಯಿ ಜೋರಿನವಳು, ದೇವರ ಸೇವೆಗೆ ಬಾಯಿ ಕಡಿಮೆ ಇರಬೇಕಂತೆ.

ಅಕ್ಕ ನರ್ಸು. ಆಫ್ರಿಕಾದ ಒಂದು ಮಿಷನ್ ಆಸ್ಪತ್ರೆಗೆ ಅವಳ ಆಯ್ಕೆಯಾದಾಗ ಅವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಲಿನವನಿಗೆ, ಇಸ್ತ್ರಿಯವನಿಗೆ, ಎದುರು ಮನೆಯ ಅಯ್ಯಂಗಾರ್ ಮಾಮಿಗೆ, ಎಲ್ಲರಿಗೂ ಸುದ್ದಿ ಮುಟ್ಟಿತು. ಮಾಮಿ ಪಾಪ, ಅಲ್ಲಿ ಮೊಸರು ಸಿಗುತ್ತದೋ ಇಲ್ಲವೋ ಎಂದು ನಿಜವಾಗಿಯೂ ಚಿಂತೆ ಮಾಡಿದರು. ಸಭೆಯ ಗೋಡೆಯ ಮೇಲಿದ್ದ ಲೋಕದ ನಕ್ಷೆಯಲ್ಲಿ ಚೆನ್ನೈನಿಂದ ಆಫ್ರಿಕಾಕ್ಕೆ ಕೆಂಪು ನೂಲು ಎಳೆಯಲು ಜಾಗ ಬಿಟ್ಟರು.

ಅಷ್ಟರಲ್ಲಿ ಕ್ರಿಸ್ಮಸ್ಸಿನ ಮರುದಿನ ಕಡಲೇ ಊರೊಳಕ್ಕೆ ಬಂತು. ಸುನಾಮಿ ಎಂಬ ಮಾತನ್ನು ನಾವು ಕೇಳಿದ್ದೇ ಆವತ್ತು. ನಮ್ಮೂರ ಕಡಲಂಚಿನ ಕಾಸಿಮೇಡಿನಲ್ಲಿ ಮೀನುಗಾರರ ಗುಡಿಸಲು, ಬಲೆ, ದೋಣಿ ಎಲ್ಲ ಪುಡಿಪುಡಿ. ನಮ್ಮ ಸಭೆಯೂ ಅನ್ನದ ಪೊಟ್ಟಣ ಕಟ್ಟಿಕೊಂಡು ಹೋಯಿತು. ಜೊತೆಗೆ, ಸಾಂತ್ವನ ಹೇಳೋಣವೆಂದು ಹಾಡುಗಾರರನ್ನೂ ಕರೆದುಕೊಂಡು ಹೋಯಿತು. ಅವರಿಗೆ ಬರುತ್ತಿದ್ದದ್ದು ಕ್ರಿಸ್ಮಸ್ಸಿಗೆಂದು ಕಲಿತ ಕನ್ನಡ ಹಾಡುಗಳು ಮಾತ್ರ. ಮನೆ ಕಳಕೊಂಡು ಮರಳಲ್ಲಿ ಕೂತ ತಮಿಳರ ಮುಂದೆ ನಾವು ನಾಲ್ಕು ದನಿಯಲ್ಲಿ ಕನ್ನಡದಲ್ಲಿ ಹಾಡಿದೆವು. ಇಂಥ ಕೆಲಸ ನಮ್ಮವರಲ್ಲದೆ ಇನ್ನಾರೂ ಮಾಡಲಿಕ್ಕಿಲ್ಲ. ಎರಡನೇ ಚರಣಕ್ಕೆ ಒಬ್ಬ ಹೆಂಗಸು, “ಪಾಟ್ಟು ಅಪ್ಪುರಮ್ಮಾ, ಮೊದಲ್ಲ ತಣ್ಣಿ ಕುಡು” ಎಂದಳು. ಹಾಡು ಆಮೇಲೆ, ಮೊದಲು ನೀರು ಕೊಡಿ ಎಂದು. ಅಕ್ಕ ಹಾಡಿನ ಪುಸ್ತಕವನ್ನು ನನ್ನ ಕೈಗೆ ತುರುಕಿ ನೀರಿನ ಕ್ಯಾನಿನ ಕಡೆ ಓಡಿದಳು. ಸಂಜೆಯ ತನಕ ಗಾಯ ತೊಳೆದಳು. ಮರುದಿನವೂ ಹೋದಳು. ವಾರ ಕಳೆದು ಉಳಿದವರು ನಿಲ್ಲಿಸಿದ ಮೇಲೂ ಹೋಗುತ್ತಲೇ ಇದ್ದಳು. ಅಲ್ಲಿ ಶೆಡ್ಡಿನಲ್ಲಿ ಶುರುವಾದ ಚಿಕ್ಕ ದವಾಖಾನೆಗೆ ಒಬ್ಬ ಡಾಕ್ಟರು ಆಗೀಗ ಬರುತ್ತಿದ್ದರು, ಮಿಕ್ಕ ಹೊತ್ತೆಲ್ಲ ಅಕ್ಕನೇ.

ಪಾಸ್‌ಪೋರ್ಟು ಕೈಗೆ ಬಂದ ದಿನವೇ ಅಕ್ಕ ಬಾಯಿಬಿಟ್ಟಳು.

“ಅವ್ವಾ, ನಾ ಆಫ್ರಿಕಾಕ್ಕ ಹೋಗೂದಿಲ್ಲ. ಕಾಸಿಮೇಡಿನ್ಯಾಗ ಇರ್ತೀನಿ. ಆಫ್ರಿಕಾಕ್ಕ ಹೋಗಾಕ ಬ್ಯಾರೇ ನರ್ಸ್ ಸಿಕ್ಕಾರ.”

ಅವ್ವ ಮೊದಲು ನಂಬಲಿಲ್ಲ. ಆಮೇಲೆ ಸಿಡಿದಳು. “ಕಾಸಿಮೇಡಿಗೆ ಮೀನ ತರಾಕ ಹೋಗ್ತಾರ, ಮಿಷನ್ನಿಗೆ ಯಾರ ಹೋಗ್ತಾರ? ಮಂದಿ ಮುಂದ ನಾ ಹ್ಯಾಂಗ ಮುಖ ತೋರಸ್ಲಿ?”

“ಕಾಸಿಮೇಡಿನವ್ರೂ ಮಂದೀನ ಅಲ್ಲೇನವಾ?”

“ಅರ್ಧ ತಾಸಿನ ಹಾದಿಗೆ ಮಿಷನ್ ಅನ್ನಬ್ಯಾಡ. ಅದು ಅರ್ಧ ಸೇವಾ.”

ಅಂದಿನಿಂದ ಮನೆಯಲ್ಲಿ ಮಾತು ನಿಂತಿತು. ಉಪ್ಪು ಬೇಕಾದರೂ ನನ್ನ ಮೂಲಕವೇ ಕೇಳುವುದು. ನಾನು ಅಕ್ಕನಿಗೆ ಬುದ್ಧಿ ಹೇಳಹೋದೆ: ನೀನೇನು ಚಿಕ್ಕವಳೇ, ಅವ್ವ ಒಪ್ಪದಿದ್ದರೆ ಬಿಡಲಿ, ಹೋಗಿ ಕೆಲಸ ಮಾಡು. ಅಕ್ಕ ತಲೆಯಲ್ಲಾಡಿಸಿದಳು. “ಹಂಗ ಹೋದ್ರ ಅದು ನೌಕರಿ ಆಗ್ತೈತಿ. ಮಿಷನ್ ಅಂದ್ರ ಯಾರಾದ್ರೂ ಕಳಸಬೇಕು. ಅವ್ವ ಕಳಸಲಿಲ್ಲಂದ್ರ ಇನ್ಯಾರ ಕಳಸ್ತಾರ ನನ್ನ?” ಅವಳ ಕಣ್ಣು ತುಂಬಿತ್ತು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಅವ್ವ ಒಂದು ಸಲ ಹೋಗು ಎನ್ನುವುದು. ಅವ್ವನ ಮೇಲೆ ನನಗೆ ಆವತ್ತು ಬಂದ ಸಿಟ್ಟು ಇಷ್ಟಷ್ಟಲ್ಲ.

ಅಯ್ಯನವರು ಮನೆಗೆ ಬಂದರು. ಮಂಗಳೂರು ಕಡೆಯವರು, ಮೆತ್ತನೆಯ ಮನುಷ್ಯ, ಬಿಸಿ ಕಾಫಿಯನ್ನು ಆರಿಸಿ ಆರಿಸಿ ಕುಡಿಯುವವರು. ಅಕ್ಕನ ನಿರ್ಧಾರ ಅವರಿಗೆ ಇಷ್ಟವಾಗಿತ್ತು, ಅದನ್ನು ಹೇಳಿಯೂ ಹೇಳಿದರು. ಆಮೇಲೆ ಕುರ್ಚಿಯಲ್ಲಿ ಒಂದಿಷ್ಟು ಹೊರಳಾಡಿದರು.

“ಒಂದು ಸಣ್ಣ ವಿಷಯ ಉಂಟು ಅಮ್ಮ. ಕೈಯಿಟ್ಟು ಕಳಿಸುವುದು ಮಾತ್ರ ಆಗುವುದಿಲ್ಲ ಅಂತ ಕಮಿಟಿಯವರು ಹೇಳ್ತಾರೆ. ಇದು ಔಟ್‌ರೀಚ್ ಅಲ್ವಾ? ಕಾಸಿಮೇಡಿಗೆ ಹೋಗುವವರಿಗೆ ಕೈಯಿಟ್ಟರೆ ನಾಳೆ ಸಂಡೇ ಸ್ಕೂಲಿನವರಿಗೂ ಇಡಬೇಕಾಗುತ್ತದೆ ಅಂತ. ಈ ಭಾನುವಾರ ಪ್ರಕಟಣೆಯಲ್ಲಿ ಹೆಸರು ಓದುತ್ತೇನೆ.”

ಅಕ್ಕ ತಲೆತಗ್ಗಿಸಿ ಕೂತಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಒಮ್ಮೆಲೇ ಹೊರಗೆ ಬಂದಳು.

“ಅಂದ್ರ ನನ್ನ ಮಗಳು ಅರ್ಧ ಮಿಷನರಿ ಏನ್ರಿ ಅಯ್ಯನೋರ?”

ನನಗೆ ನಗು ತಡೆಯಲಾಗಲಿಲ್ಲ. ಅರ್ಧ ಎಂಬ ಮಾತನ್ನು ಈ ಮನೆಯಲ್ಲಿ ಮೊದಲು ಎತ್ತಿದವಳು ಯಾರೋ ಅವಳೇ ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಳಕ್ಕೆ ನಿಂತಿದ್ದಳು. ತನ್ನ ಮಗಳನ್ನು ತಾನು ಬೈಯಬಹುದು, ಕಮಿಟಿಯವರು ಅಳೆಯಬಾರದು. ಅಯ್ಯನವರು ಉಳಿದ ಕಾಫಿಯನ್ನು ಆರಿಸದೆಯೇ ಕುಡಿದು ಎದ್ದರು. ಅವ್ವ ಮತ್ತೆ ಅಡುಗೆಮನೆ ಸೇರಿದಳು. ಅಕ್ಕನ ಹತ್ತಿರ ಆಗಲೂ ಮಾತಾಡಲಿಲ್ಲ.

ಭಾನುವಾರ ಆರಾಧನೆ ಮುಗಿಯುತ್ತ ಬಂದಿತ್ತು. ಅಯ್ಯನವರು ಪ್ರಕಟಣೆಗಳ ನಡುವೆ ಅಕ್ಕನ ಹೆಸರು ಓದಿ, ಕನ್ನಡಕ ಸರಿಮಾಡಿಕೊಂಡು ಮುಂದಿನದಕ್ಕೆ ಹೊರಟರು. ಹೆಂಗಸರ ಸಾಲಿನಿಂದ ಅವ್ವ ಎದ್ದಳು. ಹೊರಗೆ ಹೋಗುತ್ತಾಳೆಂದು ನಾನು ಕಾಲು ಸರಿಸಿ ದಾರಿ ಬಿಟ್ಟೆ. ಅವಳು ನೇರ ವೇದಿಯ ಮುಂದೆ ಹೋಗಿ ನಿಂತು, ತಿರುಗಿ ಅಕ್ಕನನ್ನು ನೋಡಿ, “ಬಾರವಾ ಇಲ್ಲಿ” ಎಂದಳು.

ಅಕ್ಕ ಹೋದಳು. ಮೊಣಕಾಲೂರಿದಳು. ಅವ್ವ ತನ್ನ ಎರಡೂ ಕೈ ಅವಳ ತಲೆಯ ಮೇಲಿಟ್ಟಳು. ದೀಕ್ಷೆ ಪಡೆದವರೂ ಹಿರಿಯರೂ ಅಲ್ಲದೆ ಬೇರೆಯವರು ಹಾಗೆ ಕೈಯಿಡುವ ಪದ್ಧತಿ ನಮ್ಮಲ್ಲಿ ಇಲ್ಲ. ಮುಂದಿನ ಬೆಂಚಿನ ಕಮಿಟಿಯವರೊಬ್ಬರು ಎದ್ದು ನಿಲ್ಲಲು ಹೋದರು, ಅಯ್ಯನವರು ಕೈಸನ್ನೆ ಮಾಡಿ ಕೂರಿಸಿದರು. ತಾವೇ ಕೆಳಗಿಳಿದು ಬಂದು ಅವ್ವನ ಪಕ್ಕದಲ್ಲಿ ತಲೆಬಾಗಿ ನಿಂತರು.

ಅವ್ವ ಪ್ರಾರ್ಥನೆಗೆ ನಿಂತರೆ ಅನ್ನ ಸೀಯುತ್ತದೆ ಎಂದು ನಾವೆಲ್ಲ ಕೀಟಲೆ ಮಾಡುವುದಿತ್ತು. ಆವತ್ತಿನ ಪ್ರಾರ್ಥನೆ ಮಾತ್ರ ನಾಲ್ಕೇ ಮಾತಿನದು.

“ಕರ್ತನೇ, ಈಕಿನ್ನ ನಿನಗ ಕೊಟ್ಟೇನಿ. ಕಾಸಿಮೇಡಿಗೆ ಕಳಸಾಕತ್ತೀನಿ” ಎಂದಳು. ಅಕ್ಕನ ನೆತ್ತಿ ಸವರಿದಳು. “ಆದ್ರ ಒಂದ ಮಾತು. ದಿನಾ ಊಟದ ಹೊತ್ತಿಗೆ ಮನೀಗೆ ಕಳಿಸಪಾ. ಈಕಿನ್ನ ಬಿಟ್ಟು ನನಗ ಇರಾಕ ಆಗೂದಿಲ್ಲ. ಆಗ್ತೈತಿ ಅಂತ ಇಷ್ಟ ವರ್ಷ ನಿನ್ನ ಮುಂದ ಸುಳ್ಳ ಹೇಳೀನಿ.”

ಅಕ್ಕ ಇದ್ದಲ್ಲಿಂದಲೇ ಅವ್ವನ ಸೊಂಟ ತಬ್ಬಿಕೊಂಡು ಗೊಳೋ ಎಂದು ಅತ್ತಳು. ಆಮೆನ್ ಎನ್ನುವುದನ್ನು ಇಡೀ ಸಭೆ ಮರೆತಿತ್ತು, ಅಯ್ಯನವರೂ.