ಹಾಲುಹಲ್ಲು ಬಿತ್ತು, ಚಟ ಬೀಳಲಿಲ್ಲ

ಹೊಟ್ಟೆ ಉರಿದುಹೋಯ್ತು ಕಣ್ರೀ. ಬೊಮ್ಮಸಂದ್ರದ ಟೀ ಅಂಗಡಿಯಲ್ಲಿ ಇವತ್ತು ಒಬ್ಬ ತಾಯಿ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಪುಟ್ಟ ಮಗಳಿಗೆ ತಿನ್ನಿಸ್ತಿದ್ದಳು.

ಇಲ್ಲೇ ಬಾಡಿಗೆ ಕೋಣೆಯಲ್ಲಿ, ಅಮ್ಮ ಫ್ಯಾಕ್ಟರಿಗೆ ಹೋದ ಮೇಲೆ, ಕಲಬುರಗಿಯಿಂದ ಬಂದಿದ್ದ ಅಜ್ಜಿ ನನಗೂ ಹೀಗೇ ತಿನ್ನಿಸೋಳು. ತಾನು ಮಾತ್ರ ಖಡಕ್ ರೊಟ್ಟಿ, ಹಸಿ ಮೆಂತ್ಯಸೊಪ್ಪು ಅಗಿಯೋಳು. ಅವಳ ಒಂದು ಹಲ್ಲೂ ಅಲ್ಲಾಡಿರಲಿಲ್ಲ. ನಾನು ರೊಟ್ಟಿಗೆ ಕೈಚಾಚಿದರೆ, "ಇದು ಬಡವರ ಊಟ. ನೀ ಬೆಂಗಳೂರಾಗಿನ ಹುಡುಗಿ, ಬಿಸ್ಕೀಟ್ ತಿನ್ನವ್ವಾ" ಅಂತ ತಟ್ಟೆ ಸರಿಸೋಳು. ಹಲ್ಲು ಕಪ್ಪಾದಾಗ, "ಹಾಲುಹಲ್ಲು, ಬೀಳ್ತಾವ ಬಿಡು" ಅಂದಳು. ಬಿದ್ದವು. ಬಿಸ್ಕತ್ತಿನ ಚಟ ಬೀಳಲಿಲ್ಲ. ಹೊಸ ಹಲ್ಲೂ ಹುಳುಕಾದವು.

ಸಿಟ್ಟು ತಡೀಲಾರದೆ ಆ ತಾಯಿಗೆ ಇದನ್ನೆಲ್ಲ ಹೇಳಿಬಿಟ್ಟೆ. ಅವಳು ಕೈಚೀಲ ಮುಚ್ಚಿಕೊಂಡಳು.

"ಡಬ್ಬ್ಯಾಗ ರೊಟ್ಟಿ ಐತ್ರಿ ಅಕ್ಕಾ. ಇಷ್ಟು ಮಂದಿ ಮುಂದ ಹೆಂಗ ತೆಗೀಲಿರಿ?"