ಗುರುತಿಲ್ಲದ ಊರಿನಲ್ಲಿ ಉಳಿದ ಪುಟ

ಸಿಂದಗಿಯಿಂದ ತಾಳಿಕೋಟೆ ಮಾರ್ಗದ ಬಸ್ಸನ್ನು ಅಕ್ಕ, ನಾನು ಬೆಳಿಗ್ಗೆಯೇ ಹತ್ತಿದೆವು. ಹೆಂಗಸರಿಗೆ ಟಿಕೆಟ್ ಉಚಿತ, ಆದರೆ ಕಾಲಿಡಲು ಜಾಗವಿರಲಿಲ್ಲ. ಹೊರಟದ್ದು ಭಾವನ ಹುಟ್ಟೂರು ಮುದ್ದೇಬಿಹಾಳದ ಗ್ರಂಥಾಲಯಕ್ಕೆ, ಅವರ ಒಂದು ಫೋಟೋ ಹುಡುಕಲು.

ಭಾವ ತೀರಿಕೊಂಡು ವರ್ಷವಾಗಿತ್ತು. ಮನೆಯಲ್ಲಿರುವ ಫೋಟೋಗಳಲ್ಲೆಲ್ಲ ಆಧಾರ್ ಕಾರ್ಡಿಗೆ ನಿಂತವರ ಹಾಗೆ ಮುಖ ಬಿಗಿದುಕೊಂಡಿದ್ದಾರೆ. ನಕ್ಕದ್ದು ಒಂದರಲ್ಲೇ: ಗುಂಡುಕಲ್ಲು ಎತ್ತುವ ಸ್ಪರ್ಧೆಯಲ್ಲಿ ಗೆದ್ದಾಗ ಜಿಲ್ಲೆಯ ಸಣ್ಣ ಪತ್ರಿಕೆಯೊಂದು ಹಾಕಿದ ಫೋಟೋದಲ್ಲಿ. ಅಕ್ಕನಿಗೆ ಆ ನಗುವೇ ಬೇಕು. ಪತ್ರಿಕೆ ಈಗ ನಿಂತುಹೋಗಿದೆ. ಮೊಬೈಲಿನಲ್ಲಿ ಹುಡುಕಿ ಹುಡುಕಿ ನನ್ನ ಕಣ್ಣುಗಳು ಉರಿದವು. ಕಲ್ಲು ಎತ್ತಿದವರು ದೇಶದ ತುಂಬ ಸಿಕ್ಕರು, ನಮ್ಮ ಭಾವ ಸಿಗಲಿಲ್ಲ.

ಮುದ್ದೇಬಿಹಾಳದಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ನಿಲ್ದಾಣದೆದುರು ಚುರುಮುರಿಯ ಸುಸಲಾ, ಮಿರ್ಚಿ ತಿಂದು ಗ್ರಂಥಾಲಯಕ್ಕೆ ನಡೆದೆವು. ಗ್ರಂಥಪಾಲಕರು ವರ್ಷ ಕೇಳಿಕೊಂಡು, ರದ್ದಿಗೆ ಹಾಕದೆ ಕಾದಿಟ್ಟ ಪತ್ರಿಕೆಗಳ ಕಟ್ಟು ಬಿಚ್ಚಿ ಪುಟ ತೆಗೆದರು. ಅಯ್ಯೋ, ಫೋಟೋ ಇರಬೇಕಾದಲ್ಲಿ ಚೌಕಾಕಾರದ ತೂತು!

ಅಕ್ಕ ನಾಲಿಗೆ ಕಚ್ಚಿಕೊಂಡಳು. "ನಮ್ಮ ಮನಿಯವ್ರೇ ಕತ್ತರಿಸ್ಕೊಂಡು ಬಂದಿದ್ರು. ಕಿಸೆದಾಗ ಇತ್ತು. ನಾ ನೋಡ್ಲಾರ್ದ ಅಂಗಿ ಒಗದ್ಬಿಟ್ಟೆ."

"ಮೊದ್ಲ ಹೇಳಾಕ ನಿನಗೇನಾಗಿತ್ತ?" ನನಗೆ ಸಿಟ್ಟು ನೆತ್ತಿಗೇರಿತ್ತು.

"ಇನ್ನೊಂದು ಪ್ರತಿ ಇರ್ತೈತಿ ಅನ್ಕೊಂಡಿದ್ದೆ," ಎಂದು ಕಣ್ಣೊರೆಸಿಕೊಂಡಳು.

ಗ್ರಂಥಪಾಲಕರು ಬೈಯಲಿಲ್ಲ. "ಫೋಟೋ ಬಂದ್ರ ತಮ್ಮೂರಾಗ ಯಾರೂ ಬಿಡೂದಿಲ್ರಿ, ಕತ್ತರಿ ಹಾಕೇ ಹಾಕ್ತಾರ. ಗುರ್ತು ಇಲ್ಲದ ಊರಾಗ ಹುಡುಕ್ಬೇಕು," ಎಂದು ಬಸವನ ಬಾಗೇವಾಡಿಯ ಗ್ರಂಥಾಲಯಕ್ಕೆ ಫೋನ್ ಹಚ್ಚಿದರು. ನಾವು ಚಹಾ ಕುಡಿಯುವಷ್ಟರಲ್ಲಿ ಅಲ್ಲಿಯ ಗ್ರಂಥಪಾಲಕಿ ತಿರುಗಿ ಕರೆ ಮಾಡಿದರು.

"ಐತಂತ್ರಿ! ಮೊಬೈಲಿಗೆ ಕಳಸ್ಲೇನು ಅನ್ನಾಕತ್ತಾರ," ಎಂದು ಗ್ರಂಥಪಾಲಕರು ಫೋನ್ ಹಿಡಿದೇ ನಮ್ಮ ಕಡೆ ತಿರುಗಿದರು.

"ಬ್ಯಾಡ್ರಿ, ನಾನೇ ಬರ್ತೇನಿ," ಎಂದು ಅಕ್ಕ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಬಾಗೇವಾಡಿಗೆ ತಾಸಿನ ಮೇಲಾಯಿತು. ಗ್ರಂಥಪಾಲಕಿ ಫ್ಯಾನ್ ಆರಿಸಿ, ಹಳದಿಯಾಗಿದ್ದ ಪುಟವನ್ನು ಮೇಜಿನ ಮೇಲೆ ಹರಡಿದರು. ಹೆಗಲ ಮೇಲೆ ಕಲ್ಲು, ಹಲ್ಲೆಲ್ಲ ಹೊರಗೆ. ಭಾವನೇ!

ಅಕ್ಕ ಅಂಗೈಯನ್ನು ಪುಟದ ಅಂಚಿನ ಮೇಲಿಟ್ಟು ಗದರಿದಳು: "ಊರೆಲ್ಲ ಹುಡುಕಾಕತ್ತೀವಿ, ನೀವಿಲ್ಲಿ ಬಂದು ಕುಂತೀರೇನು?"

ನಾನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಅಕ್ಕ ಅದನ್ನು ಒಮ್ಮೆ ನೋಡಿ ನನ್ನ ಕೈಗೇ ಕೊಟ್ಟಳು. ಬಸ್ಸಿಗೆ ಹೊತ್ತಾಗಿತ್ತು. ಬಾಗಿಲಲ್ಲಿ ಅವಳು ತಿರುಗಿ ನಿಂತಳು.

"ಮೇಡಂ, ನಿಮ್ಮ ಲೈಬ್ರರಿ ಯಾವ ದಿನ ಬಂದ್ ಇರ್ತೈತ್ರಿ?"

"ಸೋಮವಾರ್ರಿ."

"ಹಂಗಾದ್ರ ಮಂಗಳವಾರ ಬರ್ತೇನಿ," ಎಂದಳು, ಮೇಜಿನ ಮೇಲಿನ ಪುಟದ ಕಡೆ ನೋಡುತ್ತ.